ಲಿನಕ್ಸ್ ಮಿಂಟ್‌ನಲ್ಲಿ ಮದರ್‌ಬೋರ್ಡ್ ಸೆನ್ಸರ್ ಕಾಣ್ತಿಲ್ಲ: ಫ್ಯಾನೂ ಇಲ್ಲ, ವೋಲ್ಟೇಜೂ ಇಲ್ಲ

ಸಕ್ಕರೆನಾಡಿನವ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯದಲ್ಲಿ ಫೋಟೊ ಸ್ಟುಡಿಯೊ. ಮದುವೆ ವಿಡಿಯೊ ಎಡಿಟಿಂಗ್‌ಗೆ ಅಂತ ಒಂದು ಪಿಸಿ ಇದೆ. ರೈಜನ್ 5 5600ಎಕ್ಸ್ ಪ್ರೊಸೆಸರ್, ಏಸಸ್ ಟಫ್ ಗೇಮಿಂಗ್ ಬಿ550ಎಂ-ಪ್ಲಸ್ ಬೋರ್ಡ್, ಲಿನಕ್ಸ್ ಮಿಂಟ್ 21, ಕರ್ನಲ್ (ಲಿನಕ್ಸ್‌ನ ತಿರುಳು) 5.15. ಎಡಿಟಿಂಗ್ ಕೆಡೆನ್‌ಲೈವ್‌ನಲ್ಲಿ.

ಮಧ್ಯಾಹ್ನ ರೆಂಡರ್‌ಗೆ ಹಾಕಿದರೆ ಕೆಲವೊಮ್ಮೆ ಮಿಷನ್ ಪಟ್ ಅಂತ ಆಫ್ ಆಗುತ್ತದೆ. ರೀಸ್ಟಾರ್ಟ್ ಅಲ್ಲ, ಪೂರ್ತಿ ಆಫ್. ಮುಹೂರ್ತದ ಸೀಸನ್, ಕೆಲಸ ತಲೆ ಮೇಲಿದೆ. ಅಂಗಡಿಗೆ ಮೇಲೆ ಶೀಟು, ಏಪ್ರಿಲ್ ಬಿಸಿಲು. ಹೀಟ್ ಜಾಸ್ತಿ ಆಗಿ ಆಫ್ ಆಗ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು, ಆದರೆ ನೋಡಿ ಖಾತ್ರಿ ಮಾಡಿಕೊಳ್ಳೋಣ ಅಂತ ಬಿಸಿ, ಫ್ಯಾನ್ ಸ್ಪೀಡ್ ತೋರಿಸುವ ಎಲ್‌ಎಂ-ಸೆನ್ಸರ್ಸ್ ಪ್ರೋಗ್ರಾಂ ಹಾಕಿದೆ. ಸೆನ್ಸರ್ಸ್ ಕಮಾಂಡ್ ಕೊಟ್ಟರೆ ಬರುವುದು ಮೂರೇ: ಕೆ10ಟೆಂಪ್, ಎನ್‌ವಿಎಂಇ, ಎಎಂಡಿಜಿಪಿಯು. ಬೋರ್ಡ್‌ನ ಫ್ಯಾನ್ ಸ್ಪೀಡ್ ಇಲ್ಲ, 12 ವೋಲ್ಟ್ ಲೈನ್ ಇಲ್ಲ. ಬಯಾಸ್‌ಗೆ ಹೋದರೆ ಎಲ್ಲಾ ಚೆನ್ನಾಗಿ ಕಾಣುತ್ತದೆ.

ಸುಡೊ ಹಾಕಿಯೇ, ಅಂದರೆ ಎಲ್ಲಾ ಅಧಿಕಾರ ಇರುವ ರೂಟ್ ಆಗಿಯೇ, ಸೆನ್ಸರ್ ಚಿಪ್ ಹುಡುಕುವ ಸೆನ್ಸರ್ಸ್-ಡಿಟೆಕ್ಟ್ ಓಡಿಸಿದೆ. ಸೂಪರ್ ಐ/ಒ ಹುಡುಕಲಾ ಅಂತ ಕೇಳಿತು, ಯೆಸ್ ಕೊಟ್ಟೆ. ಅಲ್ಲಿಗೇ ನಿಂತಿತು. ಕೊನೆಯ ಸಾಲು ಇದು:

/ಡೆವ್/ಪೋರ್ಟ್: ಆಪರೇಷನ್ ನಾಟ್ ಪರ್ಮಿಟೆಡ್

ರೂಟ್‌ಗೇ ಪರ್ಮಿಷನ್ ಇಲ್ಲ ಅಂದರೆ ಇನ್ಯಾರಿಗೆ ಕೊಡುತ್ತದೆ ಇದು?


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ಅಣ್ಣ, ಸುಲಭ. ಗ್ರಬ್ (ಬೂಟ್ ಲೋಡರ್) ಫೈಲ್ ತೆಗೆದು ಕರ್ನಲ್ ಸಾಲಿಗೆ ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್ ಸೇರಿಸಿ, ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಿ. ಆಮೇಲೆ ಎನ್‌ಸಿಟಿ6775 ಲೋಡ್ ಮಾಡಿ. ಏಸಸ್ ಬೋರ್ಡ್‌ಗೆಲ್ಲಾ ಇದೇ ಮದ್ದು.


ಗಂಗೋತ್ರಿ ಹಳಬ, ಮೈಸೂರು:

ಸ್ವಲ್ಪ ತಡೀರಿ. ಮದ್ದು ಸರಿಯೋ ತಪ್ಪೋ ಆಮೇಲೆ ನೋಡೋಣ, ಕಾಯಿಲೆ ಇನ್ನೂ ಅಲ್ಲಿಗೆ ಬಂದಿಲ್ಲ. ಇಲ್ಲಿ ಬಂದಿರುವ ಎರರ್ ಬೇರೆ.

ಸಕ್ಕರೆನಾಡಿನವರೇ, ಮೊದಲು ಒಂದು ವಿಷಯ. ನಿಮಗೆ ಕಾಣುತ್ತಿರುವ ಮೂರೂ ಮದರ್‌ಬೋರ್ಡ್ ಸೆನ್ಸರ್ ಅಲ್ಲ. ಕೆ10ಟೆಂಪ್ ಓದುವುದು ಪ್ರೊಸೆಸರ್ ಒಳಗಿನ ಲೆಕ್ಕ. ಎನ್‌ವಿಎಂಇ ಡಿಸ್ಕ್ ತನ್ನ ಬಿಸಿಯನ್ನು ತಾನೇ ಹೇಳುತ್ತದೆ, ಕರ್ನಲ್ 5.5ರಿಂದ ಅದಕ್ಕೆ ಬೇರೆ ಏನೂ ಬೇಡ. ಗ್ರಾಫಿಕ್ಸ್ ಕಾರ್ಡ್‌ದೂ ಹಾಗೇ. ಫ್ಯಾನ್ ಸ್ಪೀಡು, 12 ವೋಲ್ಟು, 5 ವೋಲ್ಟು, ಬೋರ್ಡ್ ಬಿಸಿ, ಇವನ್ನೆಲ್ಲಾ ಅಳೆಯುವುದು ಬೋರ್ಡ್ ಮೇಲಿನ ಸೂಪರ್ ಐ/ಒ ಚಿಪ್. ಹಿಂದೆ ಕೀಬೋರ್ಡು, ಸೀರಿಯಲ್ ಪೋರ್ಟು, ಫ್ಲಾಪಿ ನೋಡಿಕೊಳ್ಳುತ್ತಿದ್ದ ಚಿಪ್ ಇದೇ. ಫ್ಲಾಪಿ ಹೋಯಿತು, ಚಿಪ್ ಉಳಿಯಿತು. ಹೆಚ್ಚಾಗಿ ನುವೊಟಾನ್ ಅಥವಾ ಐಟಿಇ ಕಂಪನಿಯದು ಇರುತ್ತದೆ, ಕೆಲವು ಬೋರ್ಡ್‌ನಲ್ಲಿ ಫಿನ್‌ಟೆಕ್.

ಈ ಚಿಪ್ ಪಿಸಿಐ ಅಥವಾ ಯುಎಸ್‌ಬಿ ಸಾಮಾನಿನ ಹಾಗೆ ತಾನಾಗಿ ಹೆಸರು ಹೇಳುವುದಿಲ್ಲ. ಹಾಗಾಗಿ ಎಲ್‌ಎಸ್‌ಪಿಸಿಐ ಹೊಡೆದರೆ ಸಿಗದು. ಹೆಕ್ಸ್ 2ಇ ಅಥವಾ 4ಇ ಅನ್ನುವ ಐ/ಒ ಪೋರ್ಟ್‌ಗೆ ಒಂದು ಗುಟ್ಟಿನ ಕೀ ಬರೆದು, ಬಾಗಿಲು ತೆಗೆದ ಮೇಲೆ ಐಡಿ ಕೇಳಬೇಕು. ಸೆನ್ಸರ್ಸ್-ಡಿಟೆಕ್ಟ್ ಮಾಡುವುದು ಅಷ್ಟೇ. ಅದು ಒಂದು ಪರ್ಲ್ ಸ್ಕ್ರಿಪ್ಟ್, ಪೋರ್ಟ್ ಮುಟ್ಟಲು /ಡೆವ್/ಪೋರ್ಟ್ ಫೈಲ್ ತೆಗೆಯುತ್ತದೆ.

ನಿಮ್ಮಲ್ಲಿ ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲಿ ಅನ್ನುವ ಬಯಾಸ್ ಸೆಟ್ಟಿಂಗ್) ಆನ್ ಇದೆ ಅಂತ ಕಾಣುತ್ತದೆ. ಅದು ಆನ್ ಇದ್ದರೆ ಉಬುಂಟು, ಮಿಂಟ್ ಕರ್ನಲ್ ಲಾಕ್‌ಡೌನ್ ಮೋಡ್‌ಗೆ ಹೋಗುತ್ತದೆ. ಆಗ ರೂಟ್ ಆದರೂ ನೇರವಾಗಿ ಪೋರ್ಟ್ ಮುಟ್ಟುವ ಹಾಗಿಲ್ಲ. ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್ ಕೊಟ್ಟು ನೋಡಿ. ಡಿಮೆಸೇಜ್‌ನಲ್ಲಿ, ಅಂದರೆ ಕರ್ನಲ್‌ನ ಲಾಗ್‌ನಲ್ಲಿ, ಲಾಕ್‌ಡೌನ್ ಅಂತ ಹುಡುಕಿ. ಎರಡರ ಉತ್ತರವನ್ನೂ ಇಲ್ಲಿ ಹಾಕಿ.


ಸಕ್ಕರೆನಾಡಿನವ, ಮಂಡ್ಯ:

ಹೌದು ಸರ್, ಸೆಕ್ಯೂರ್ ಬೂಟ್ ಎನೇಬಲ್ಡ್ ಅಂತಲೇ ಬಂತು. ಡಿಮೆಸೇಜ್‌ನಲ್ಲಿ ‘ಲಾಕ್‌ಡೌನ್: ಸೆನ್ಸರ್ಸ್-ಡಿಟೆಕ್ಟ್: /ಡೆವ್/ಮೆಮ್,ಕೆಮೆಮ್,ಪೋರ್ಟ್ ಈಸ್ ರಿಸ್ಟ್ರಿಕ್ಟೆಡ್’ ಅಂತ ಇದೆ.

ಹಾಗಾದರೆ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಲೇ? ಇದೇ ಡಿಸ್ಕ್‌ನಲ್ಲಿ ವಿಂಡೋಸ್ ಕೂಡ ಇದೆ. ಟ್ಯಾಲಿಗೆ ಬೇಕು. ಅದಕ್ಕೆ ಏನಾದರೂ ಆದರೆ ಅಪ್ಪ ಬಿಡೋದಿಲ್ಲ.


ಗಂಗೋತ್ರಿ ಹಳಬ, ಮೈಸೂರು:

ಆಫ್ ಮಾಡುವ ಅಗತ್ಯ ಇಲ್ಲ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಸೆಕ್ಯೂರ್ ಬೂಟ್ ಬದಲಿಸಿದಾಗ ರಿಕವರಿ ಕೀ ಕೇಳಿ ಕೂರುತ್ತದೆ. ಸುಮ್ನೆ ತಲೆನೋವು.

ಸೆನ್ಸರ್ಸ್-ಡಿಟೆಕ್ಟ್ ಒಬ್ಬ ದಲ್ಲಾಳಿ ಅಷ್ಟೇ. ಯಾವ ಚಿಪ್, ಯಾವ ಡ್ರೈವರ್ ಅಂತ ಹೇಳುವುದು ಅದರ ಕೆಲಸ. ಚಿಪ್ ಯಾವುದು ಅಂತ ನಮಗೆ ಮೊದಲೇ ಗೊತ್ತಿದ್ದರೆ ಅದು ಬೇಡವೇ ಬೇಡ. ಕರ್ನಲ್ ಜೊತೆ ಬರುವ ಡ್ರೈವರ್‌ಗೆ ಸಹಿ ಇರುತ್ತದೆ, ಲಾಕ್‌ಡೌನ್ ಇದ್ದರೂ ಲೋಡ್ ಆಗುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಇರುವುದು ನುವೊಟಾನ್ ಎನ್‌ಸಿಟಿ6798ಡಿ. ಬಾಕ್ಸ್ ತೆಗೆದು ಟಾರ್ಚ್ ಬಿಟ್ಟರೆ ಚಿಪ್ ಮೇಲೆ ಬರೆದಿರುವುದೂ ಕಾಣುತ್ತದೆ. ಡ್ರೈವರ್ ಹೆಸರು ಎನ್‌ಸಿಟಿ6775, ಆ ಕುಟುಂಬದ ಬಹಳಷ್ಟು ಚಿಪ್‌ಗೆ ಅದೊಂದೇ.

ಡ್ರೈವರ್ ಲೋಡ್ ಮಾಡಲು ಸುಡೊ ಮಾಡ್‌ಪ್ರೋಬ್ ಎನ್‌ಸಿಟಿ6775 ಕೊಡಿ. ಆಮೇಲೆ ಸೆನ್ಸರ್ಸ್. ಆಮೇಲೆ ಡಿಮೆಸೇಜ್‌ನ ಕೊನೆಯ ಸಾಲುಗಳು.


ಪೆಂಗ್ವಿನ್ ಅಕ್ಕ, ಮೈಸೂರು:

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವಳು. ನಮ್ಮಲ್ಲಿ ಹಳೇ ಕೋರ್ 2 ಡ್ಯುಯೊ ಮಿಷನ್‌ಗಳು ಇನ್ನೂ ಓಡುತ್ತಿವೆ. ಅವುಗಳಲ್ಲಿ ವಿನ್‌ಬಾಂಡ್ ಡಬ್ಲ್ಯು83627 ಚಿಪ್. ಸೆನ್ಸರ್ಸ್-ಡಿಟೆಕ್ಟ್ ಓಡಿಸಿ ಎಂಟರ್ ಒತ್ತುತ್ತಾ ಹೋದರೆ ಮುಗಿಯಿತು, ಎಲ್ಲಾ ಬರುತ್ತದೆ. ಹೊಸ ಮಿಷನ್‌ಗೇ ಈ ಪಾಡು.

ಎಂಟರ್ ಒತ್ತುತ್ತಾ ಹೋಗಿ ಅಂದೆ. ಅಂದರೆ ಡೀಫಾಲ್ಟ್ ಉತ್ತರವನ್ನೇ ಕೊಡಿ ಅಂತ. ಅದು ನೋ ಅಂದ ಕಡೆ ಧೈರ್ಯ ಮಾಡಿ ಯೆಸ್ ಒತ್ತಬೇಡಿ. ಹಿಂದೆ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಐ2ಸಿ ಬಸ್ ಹುಡುಕಲು ಹೋಗಿ, ಅಲ್ಲಿದ್ದ ಈಈಪ್ರಾಮ್ (ಸೆಟ್ಟಿಂಗ್ ಇಡುವ ಮೆಮೊರಿ ಚಿಪ್) ಕೆಟ್ಟು, ಲ್ಯಾಪ್‌ಟಾಪ್ ಬೂಟೇ ಆಗದೆ ಹೋಗಿದ್ದು ಉಂಟು. ಆ ಸ್ಕ್ರಿಪ್ಟ್ ಅಷ್ಟೊಂದು ಪ್ರಶ್ನೆ ಕೇಳುವುದು ಸುಮ್ನೆ ಅಲ್ಲ.

ಇನ್ನೊಂದು. ವರ್ಚುವಲ್ ಮಿಷನ್ ಒಳಗೆ ಕೂತು ಸೆನ್ಸರ್ ಸಿಗುತ್ತಿಲ್ಲ ಅಂತ ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಬರುತ್ತಾನೆ. ಇಲ್ಲಿ ಹಾಗಲ್ಲ ಅಂತ ಗೊತ್ತು, ಮುಂದೆ ಓದುವವರಿಗೆ ಹೇಳಿದೆ.


ಸಕ್ಕರೆನಾಡಿನವ, ಮಂಡ್ಯ:

ಮಾಡ್‌ಪ್ರೋಬ್ ಕೊಟ್ಟೆ. ಎರರ್ ಏನೂ ಇಲ್ಲ, ಸುಮ್ಮನೆ ಪ್ರಾಂಪ್ಟ್ ವಾಪಸ್ ಬಂತು. ಲೋಡ್ ಆದ ಡ್ರೈವರ್ ಪಟ್ಟಿ ಕೊಡುವ ಎಲ್‌ಎಸ್‌ಮಾಡ್‌ನಲ್ಲಿ ಎನ್‌ಸಿಟಿ6775 ಕಾಣುತ್ತದೆ. ಖುಷಿಯಾಗಿ ಸೆನ್ಸರ್ಸ್ ಕೊಟ್ಟರೆ ಮತ್ತೆ ಅದೇ ಮೂರು! ಡಿಮೆಸೇಜ್‌ನಲ್ಲಿ ಇದು ಇದೆ, ಒಂದೊಂದೇ ನೋಡಿ ಟೈಪ್ ಮಾಡಿದ್ದೇನೆ:

ಎನ್‌ಸಿಟಿ6775: ಫೌಂಡ್ ಎನ್‌ಸಿಟಿ6798ಡಿ ಆರ್ ಕಂಪ್ಯಾಟಿಬಲ್ ಚಿಪ್, ವಿಳಾಸ ಹೆಕ್ಸ್ 2ಇ, 290
ಎಸಿಪಿಐ ವಾರ್ನಿಂಗ್: ಸಿಸ್ಟಮ್‌ಐಒ ರೇಂಜ್ 295-296 ಕಾನ್‌ಫ್ಲಿಕ್ಟ್ಸ್ ವಿತ್ ಆಪ್‌ರೀಜನ್ 290-299

ಚಿಪ್ ಸಿಕ್ಕಿದೆ ಅಂತ ಅದೇ ಹೇಳುತ್ತದೆ, ಆದರೆ ತೋರಿಸುವುದಿಲ್ಲ. ಏನಿದು ಕಥೆ?


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ನೋಡಿದ್ರಾ, ನಾನು ಮೊದಲೇ ಹೇಳಿದ್ದು ಇದನ್ನೇ. ಲ್ಯಾಕ್ಸ್ ಹಾಕಿ, ಐದು ನಿಮಿಷದ ಕೆಲಸ.


ಗಂಗೋತ್ರಿ ಹಳಬ, ಮೈಸೂರು:

ಕಾಯಿಲೆ ಈಗ ಅಲ್ಲಿಗೆ ಬಂತು, ಒಪ್ಪಿದೆ. ಆದರೆ ಲ್ಯಾಕ್ಸ್ ಹಾಕುವ ಮುಂಚೆ ಅದು ಏನು ಮಾಡುತ್ತದೆ ಅಂತ ಗೊತ್ತಿರಲಿ.

ಈ ಚಿಪ್‌ನ ಒಳಗೆ ನೂರಾರು ರಿಜಿಸ್ಟರ್‌ಗಳಿವೆ, ಅಂದರೆ ಅಂಕಿ ಇಡುವ ಸಣ್ಣ ಖಾನೆಗಳು. ಹೊರಗಿನಿಂದ ಮುಟ್ಟಲು ಇರುವುದು ಎರಡೇ ಪೋರ್ಟ್, 295 ಮತ್ತು 296. ಮೊದಲು 295ಕ್ಕೆ ಇಂಥ ರಿಜಿಸ್ಟರ್ ಬೇಕು ಅಂತ ನಂಬರ್ ಬರೆಯಬೇಕು. ಆಮೇಲೆ 296ರಿಂದ ಅದರ ಬೆಲೆ ಓದಬೇಕು ಅಥವಾ ಅದಕ್ಕೆ ಬರೆಯಬೇಕು. ಎರಡು ಹೆಜ್ಜೆ. ಈಗ ಬೋರ್ಡ್‌ನ ಎಸಿಪಿಐ ಟೇಬಲ್ (ಬಯಾಸ್ ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಹಾರ್ಡ್‌ವೇರ್ ವಿವರ, ಕೋಡ್) ಒಳಗೂ ಇದೇ ಪೋರ್ಟ್ ಮುಟ್ಟುವ ಕೋಡ್ ಇದೆ. 290ರಿಂದ 299ರವರೆಗೆ ನನ್ನದು ಅಂತ ಅದು ಬರೆಸಿಕೊಂಡಿದೆ. ಎನ್‌ಸಿಟಿ6775 ಡ್ರೈವರ್ ಬಂದು ಅದೇ ಜಾಗ ಕೇಳಿದಾಗ ಕರ್ನಲ್ ಬೇಡ ಅಂತು. ಡ್ರೈವರ್ ಲೋಡ್ ಆಗಿ ಸುಮ್ಮನೆ ಕೂತಿದೆ, ಡಿವೈಸ್ ಹುಟ್ಟಲಿಲ್ಲ. ಹಾಗಾಗಿ ನಿಮಗೆ ಎರರೂ ಬರಲಿಲ್ಲ, ಸೆನ್ಸರೂ ಬರಲಿಲ್ಲ.

ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ವಿ.ಸಿ. ನಾಲೆಯ ಒಂದೇ ತೂಬಿಗೆ ಇಬ್ಬರು ನೀರುಗಂಟಿಗಳು, ಒಬ್ಬರಿಗೊಬ್ಬರು ಮಾತಿಲ್ಲ. ಒಬ್ಬ ಮೇಲಿನ ಗದ್ದೆಗೆ ಅಂತ ತಿರುಗಿಸಿ ಹೋಗುತ್ತಾನೆ, ಅಷ್ಟರಲ್ಲಿ ಇನ್ನೊಬ್ಬ ಕೆಳಗಿನ ಗದ್ದೆಗೆ ತಿರುಗಿಸುತ್ತಾನೆ. ಡ್ರೈವರ್ ಫ್ಯಾನ್ ರಿಜಿಸ್ಟರ್ ನಂಬರ್ ಬರೆದ ಕ್ಷಣಕ್ಕೆ ಎಸಿಪಿಐ ಕೋಡ್ ಬಂದು ಬಿಸಿಯ ರಿಜಿಸ್ಟರ್ ನಂಬರ್ ಬರೆದರೆ, ಡ್ರೈವರ್ ಓದುವುದು ಫ್ಯಾನ್ ಸ್ಪೀಡ್ ಅಲ್ಲ. ಓದುವಾಗ ಹೀಗಾದರೆ ಒಂದು ತಪ್ಪು ಅಂಕಿ, ಹೋಗಲಿ. ಬರೆಯುವಾಗ ಹೀಗಾದರೆ ಬರೆದದ್ದು ಬೇರೆ ರಿಜಿಸ್ಟರ್‌ಗೆ ಹೋಗುತ್ತದೆ.

ಲ್ಯಾಕ್ಸ್ ಅಂದರೆ ಕರ್ನಲ್‌ಗೆ ‘ಇಬ್ಬರೂ ಮುಟ್ಟಲಿ ಬಿಡು’ ಅಂತ ಹೇಳುವುದು. ಅದೂ ಈ ಚಿಪ್‌ಗೆ ಮಾತ್ರ ಅಲ್ಲ, ಮಿಷನ್‌ನ ಎಲ್ಲಾ ಡ್ರೈವರ್‌ಗೂ.


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ಸರ್, ಪುಸ್ತಕದ ಪ್ರಕಾರ ನೀವು ಹೇಳಿದ್ದು ಸರಿ. ನಾನು ಎಷ್ಟೋ ಮಿಷನ್‌ಗೆ ಹೀಗೇ ಹಾಕಿ ಕೊಟ್ಟಿದ್ದೇನೆ. ಒಂದೂ ವಾಪಸ್ ಬಂದಿಲ್ಲ. ಗಿರಾಕಿಗೆ ಫ್ಯಾನ್ ಸ್ಪೀಡ್ ಕಂಡರೆ ಸಾಕು.


ಗಂಗೋತ್ರಿ ಹಳಬ, ಮೈಸೂರು:

ವಾಪಸ್ ಬರುವುದಿಲ್ಲ, ಯಾಕೆಂದರೆ ಸುಟ್ಟು ಹೋಗುವುದಿಲ್ಲ. ಯಾವಾಗಲೋ ಒಮ್ಮೆ ಒಂದು ಅಂಕಿ ಹುಚ್ಚುಚ್ಚಾಗಿ ಬರುತ್ತದೆ, ಯಾರೂ ಗಮನಿಸುವುದಿಲ್ಲ. ಆದರೆ ಇವರು ಆ ಅಂಕಿ ನೋಡಿಯೇ ಮಿಷನ್ ಯಾಕೆ ಆಫ್ ಆಗುತ್ತದೆ ಅಂತ ತೀರ್ಮಾನ ಮಾಡಬೇಕು. ಅಂಕಿಯ ಮೇಲೇ ಅನುಮಾನ ಇದ್ದರೆ ಹೇಗೆ?

ಅಲ್ಲದೆ ಈ ಬೋರ್ಡ್‌ಗೆ ಬೇರೆ ದಾರಿ ಇದೆ. ಎನ್‌ಸಿಟಿ6798ಡಿ ಲ್ಯಾಕ್ಸ್ ಇಲ್ಲದೆ ಕೆಲಸ ಮಾಡುತ್ತಿಲ್ಲ ಅಂತ ಕರ್ನಲ್ ಬಗ್‌ಜಿಲ್ಲಾದಲ್ಲಿ 204807 ನಂಬರಿನ ದೂರು ಇದೆ. ಏಸಸ್ ಬೋರ್ಡ್ ಇರುವವರೆಲ್ಲಾ ಅಲ್ಲಿ ಬಂದು ಸೇರಿದರು. ಕೊನೆಗೆ ಅದರಿಂದ ಒಳ್ಳೆಯ ಪರಿಹಾರ ಹುಟ್ಟಿತು. ಏಸಸ್ ಬಯಾಸ್‌ನಲ್ಲಿ ಡಬ್ಲ್ಯುಎಂಐ ಅನ್ನುವ ಕರೆ ಇದೆ. ಡ್ರೈವರ್ ನೇರ ಪೋರ್ಟ್ ಮುಟ್ಟುವ ಬದಲು ಆ ಕರೆಯ ಮೂಲಕ ಕೇಳುತ್ತದೆ, ಎಸಿಪಿಐ ಕೋಡೇ ಓದಿ ಕೊಡುತ್ತದೆ. ಗಲಾಟೆ ಇಲ್ಲ. ಯಾವ ಬೋರ್ಡ್‌ಗೆ ಹೀಗೆ ಮಾಡಬೇಕು ಅಂತ ಡ್ರೈವರ್ ಒಳಗೇ ಒಂದು ಪಟ್ಟಿ ಇದೆ. ಟಫ್ ಬಿ550ಎಂ-ಪ್ಲಸ್ ಅದರಲ್ಲಿದೆ. ಆದರೆ ಈ ಕೋಡ್ ಬಂದದ್ದು 5.15ರ ನಂತರ, ನಿಮ್ಮದು ಸರಿಯಾಗಿ 5.15.

ಮಿಂಟ್‌ನ ಅಪ್‌ಡೇಟ್ ಮ್ಯಾನೇಜರ್ ತೆಗೆಯಿರಿ. ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಅಂತ ಇದೆ. 6ರ ಸರಣಿಯ ಒಂದನ್ನು ಹಾಕಿಕೊಳ್ಳಿ. ಹಳೆಯದನ್ನು ತೆಗೆಯಬೇಡಿ. ಹೊಸದು ಕೈಕೊಟ್ಟರೆ ಗ್ರಬ್ ಮೆನುವಿನಿಂದ ಹಳೆಯದಕ್ಕೆ ಹೋಗಬಹುದು.


ಸಕ್ಕರೆನಾಡಿನವ, ಮಂಡ್ಯ:

ಸರ್ ಕೈ ಮುಗಿದೆ! 6.5 ಕರ್ನಲ್ ಹಾಕಿ ಮಾಡ್‌ಪ್ರೋಬ್ ಕೊಟ್ಟ ತಕ್ಷಣ ದಬದಬ ಅಂತ ಎಲ್ಲಾ ಬಂತು. ಡಿಮೆಸೇಜ್‌ನಲ್ಲಿ ‘ಯೂಸಿಂಗ್ ಏಸಸ್ ಡಬ್ಲ್ಯುಎಂಐ’ ಅಂತ ಒಂದು ಸಾಲೂ ಇದೆ. ಸೆಕ್ಯೂರ್ ಬೂಟ್ ಮುಟ್ಟಲಿಲ್ಲ.

ಆದರೆ ಈಗ ಬಂದಿರುವುದನ್ನು ನೋಡಿ ಇನ್ನೂ ಭಯ ಆಗುತ್ತಿದೆ:

ಇನ್0: 1.30 ವೋಲ್ಟ್
ಇನ್1: 1.00 ವೋಲ್ಟ್, ಅಲಾರಂ
ಇನ್4: 1.01 ವೋಲ್ಟ್, ಅಲಾರಂ
ಫ್ಯಾನ್1: 0
ಫ್ಯಾನ್2: 1480
ಫ್ಯಾನ್3: 0
ಸಿಸ್‌ಟಿನ್: 41 ಡಿಗ್ರಿ
ಸಿಪಿಯುಟಿನ್: 44 ಡಿಗ್ರಿ
ಆಕ್ಸ್‌ಟಿನ್0: 127 ಡಿಗ್ರಿ
ಆಕ್ಸ್‌ಟಿನ್3: ಮೈನಸ್ 62 ಡಿಗ್ರಿ
ಪಿಸಿಎಚ್ ಚಿಪ್: 0 ಡಿಗ್ರಿ
ಇಂಟ್ರೂಷನ್0: ಅಲಾರಂ

12 ವೋಲ್ಟ್ ಎಲ್ಲಿ? ಬೋರ್ಡ್ ಮೇಲೆ ಎಲ್ಲೋ 127 ಡಿಗ್ರಿ ಇದೆಯಾ? ಮಂಡ್ಯದಲ್ಲಿ ಮೈನಸ್ 62 ಹೇಗೆ ಬರುತ್ತದೆ? ಇಂಟ್ರೂಷನ್ ಅಂದರೆ ಯಾರಾದರೂ ಹ್ಯಾಕ್ ಮಾಡಿದ್ದಾರಾ?


ಮದ್ದೂರ್‌ವಡೆ, ಮದ್ದೂರು:

ಅಣ್ಣ ಒಂದೇ ಬೋರ್ಡ್‌ನಲ್ಲಿ ಒಂದು ಕಡೆ ವಡೆ ಕರೆಯಬಹುದು, ಇನ್ನೊಂದು ಕಡೆ ಐಸ್‌ಕ್ರೀಂ ಇಡಬಹುದು. ಸ್ಟುಡಿಯೊ ಮುಚ್ಚಿ ಹೋಟೆಲ್ ಮಾಡಿ.


ಪೆಂಗ್ವಿನ್ ಅಕ್ಕ, ಮೈಸೂರು:

ಗಾಬರಿ ಬೇಡ ತಮ್ಮ, ಯಾರೂ ಹ್ಯಾಕ್ ಮಾಡಿಲ್ಲ. ಇಂಟ್ರೂಷನ್ ಅಂದರೆ ಕ್ಯಾಬಿನೆಟ್ ಮುಚ್ಚಳ ತೆಗೆದರೆ ಗೊತ್ತಾಗಲಿ ಅಂತ ಇರುವ ಒಂದು ಸ್ವಿಚ್‌ನ ಪಿನ್. ಮನೆ ಕ್ಯಾಬಿನೆಟ್‌ನಲ್ಲಿ ಆ ಸ್ವಿಚ್ಚೇ ಇರುವುದಿಲ್ಲ. ತಂತಿ ಇಲ್ಲದ ಪಿನ್ ನೋಡಿ ಚಿಪ್ ಅಲಾರಂ ಅನ್ನುತ್ತದೆ.

127 ಮತ್ತು ಮೈನಸ್ 62 ಕೂಡ ಅದೇ ಜಾತಿ. ಚಿಪ್‌ಗೆ ಆಕ್ಸ್‌ಟಿನ್ ಅಂತ ಹಲವು ಇನ್‌ಪುಟ್ ಇವೆ. ಎಲ್ಲದಕ್ಕೂ ಬೋರ್ಡ್ ಮಾಡುವವರು ಬಿಸಿ ಅಳೆಯುವ ಥರ್ಮಿಸ್ಟರ್ ಹಾಕುವುದಿಲ್ಲ. ಖಾಲಿ ಪಿನ್ ಓದಿದರೆ ಇಂಥ ಅಂಕಿಗಳೇ ಬರುತ್ತವೆ. ಲೋಡ್ ಕೊಟ್ಟಾಗ ಏರುತ್ತದಾ, ಬಿಟ್ಟಾಗ ಇಳಿಯುತ್ತದಾ ನೋಡಿ. ಕಲ್ಲಿನಂತೆ ಕೂತಿದ್ದರೆ ಅದನ್ನು ಮರೆತುಬಿಡಿ. ಪಿಸಿಎಚ್ ಅನ್ನುವುದು ಇಂಟೆಲ್ ಲೋಕದ ಲೆಕ್ಕ, ಎಎಂಡಿ ಬೋರ್ಡ್‌ನಲ್ಲಿ 0 ತೋರಿಸುವುದು ಮಾಮೂಲು.

ಸಿಪಿಯುಟಿನ್ ನೋಡಿ ಪ್ರೊಸೆಸರ್ ತಣ್ಣಗಿದೆ ಅಂತ ಅಂದುಕೊಳ್ಳಬೇಡಿ. ಹೆಸರು ಹಾಗಿದ್ದರೂ ಅದು ಪ್ರೊಸೆಸರ್ ಒಳಗಿನ ಬಿಸಿ ಅಲ್ಲ. ಪ್ರೊಸೆಸರ್‌ಗೆ ಕೆ10ಟೆಂಪ್‌ನ ಕೆಳಗೆ ಬರುವ ಟಿಸಿಟಿಎಲ್ ಅನ್ನುವ ಅಂಕಿ ನಂಬಿ. 5600ಎಕ್ಸ್‌ಗೆ ಕಂಪನಿ ಕೊಟ್ಟ ಮಿತಿ 95 ಡಿಗ್ರಿ.


ಗಂಗೋತ್ರಿ ಹಳಬ, ಮೈಸೂರು:

ವೋಲ್ಟೇಜ್ ವಿಚಾರ ನಾನು ಹೇಳುತ್ತೇನೆ. ಈ ಚಿಪ್ ಎರಡು ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿವರೆಗೆ ಮಾತ್ರ ಅಳೆಯಬಲ್ಲದು, 8 ಮಿಲಿವೋಲ್ಟ್‌ನ ಮೆಟ್ಟಿಲಿನಲ್ಲಿ. 12 ವೋಲ್ಟ್ ನೇರ ಕೊಟ್ಟರೆ ಚಿಪ್ ಸಾಯುತ್ತದೆ. ಅದಕ್ಕೆ ಎರಡು ರೆಸಿಸ್ಟರ್ ಇಟ್ಟು ಭಾಗ ಮಾಡಿ ಕೊಡುತ್ತಾರೆ. ಎಷ್ಟರಿಂದ ಭಾಗ ಮಾಡಿದ್ದಾರೆ ಅನ್ನುವುದು ಬೋರ್ಡ್ ಮಾಡಿದವರಿಗೆ ಗೊತ್ತು, ಡ್ರೈವರ್‌ಗೆ ಗೊತ್ತಿಲ್ಲ. ಹಾಗಾಗಿ ಡ್ರೈವರ್ ಪಿನ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ.

ನಿಮ್ಮ ಇನ್4 1.01 ಅಂತಿದೆ. ಅದರ ಕಚ್ಚಾ ಫೈಲ್ ಇನ್4_ಇನ್‌ಪುಟ್ ತೆಗೆದರೆ 1008 ಇರಬೇಕು, ಅದು ಮಿಲಿವೋಲ್ಟ್. 12ರಿಂದ ಗುಣಿಸಿ, 12.096. ಇನ್1ನ್ನು 5ರಿಂದ ಗುಣಿಸಿ, 5 ವೋಲ್ಟ್. ನನ್ನ ಮಾತು ನಂಬಬೇಡಿ, ರೀಬೂಟ್ ಮಾಡಿ ಬಯಾಸ್‌ನ ಅಂಕಿ ಜೊತೆ ಹೋಲಿಸಿ. ಹೊಂದಿದರೆ /ಇಟಿಸಿ/ಸೆನ್ಸರ್ಸ್.ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ. ಮೊದಲು ಚಿಪ್ ಅಂತ ಸಾಲು. ಅದರ ಕೆಳಗೆ ಲೇಬಲ್ ಅಂತ ಹೆಸರು ಕೊಡಿ, ಕಂಪ್ಯೂಟ್ ಅಂತ ಗುಣಾಕಾರ ಬರೆಯಿರಿ, ಬೇಡದ ಆಕ್ಸ್‌ಟಿನ್‌ಗೆ ಇಗ್ನೋರ್. ಇನ್ನೊಬ್ಬರ ಬೋರ್ಡ್‌ನ ಫೈಲ್ ಇಂಟರ್‌ನೆಟ್‌ನಿಂದ ತಂದು ಕಣ್ಣು ಮುಚ್ಚಿ ಹಾಕಬೇಡಿ. ಒಂದೇ ಚಿಪ್ ಇದ್ದರೂ ರೆಸಿಸ್ಟರ್ ಬೇರೆ ಇರುತ್ತದೆ.

ಆ ಅಲಾರಂಗಳು ಬಂದಿರುವುದು ಕನಿಷ್ಠ, ಗರಿಷ್ಠ ಮಿತಿ ಎರಡೂ 0 ಇರುವುದರಿಂದ. ಬಯಾಸ್ ಅವನ್ನು ತುಂಬಿಲ್ಲ. ಅಷ್ಟೇ.


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ಫ್ಯಾನ್ ವಿಚಾರ ನನಗೆ ಬಿಡಿ. ಫ್ಯಾನ್2 ಪ್ರೊಸೆಸರ್‌ದು. ಉಳಿದದ್ದು 0 ಅಂದ ಮಾತ್ರಕ್ಕೆ ಫ್ಯಾನ್ ಸತ್ತಿದೆ ಅಂತಲ್ಲ. ನಿಮ್ಮ ಕ್ಯಾಬಿನೆಟ್‌ನ ಹಿಂದಿನ ಫ್ಯಾನ್ ವೈರ್ ಎಲ್ಲಿಗೆ ಹೋಗಿದೆ ನೋಡಿ. ನೇರ ಎಸ್‌ಎಂಪಿಎಸ್ (ಪವರ್ ಸಪ್ಲೈ) ನಾಲ್ಕು ಪಿನ್ ಮೋಲೆಕ್ಸ್‌ಗೆ ಹೋಗಿದ್ದರೆ ಬೋರ್ಡ್‌ಗೆ ಆ ಫ್ಯಾನ್ ಇದೆ ಅನ್ನುವುದೇ ಗೊತ್ತಿಲ್ಲ. ಸ್ಪೀಡ್ ಹೇಳುವುದು ಮೂರನೇ ವೈರ್. ಅಗ್ಗದ ಕ್ಯಾಬಿನೆಟ್ ಜೊತೆ ಬರುವ ಫ್ಯಾನ್‌ಗಳಲ್ಲಿ ಆ ವೈರೇ ಇರುವುದಿಲ್ಲ.

ಮತ್ತೆ ಫ್ಯಾನ್ ಕಂಟ್ರೋಲ್ ಹೊಂದಿಸುವ ಪಿಡಬ್ಲ್ಯುಎಂಕಾನ್ಫಿಗ್ ಓಡಿಸಬೇಡಿ ಈಗಲೇ. ಅದು ಯಾವ ಫ್ಯಾನ್ ಯಾವುದು ಅಂತ ಪರೀಕ್ಷೆ ಮಾಡಲು ಒಂದೊಂದೇ ನಿಲ್ಲಿಸುತ್ತದೆ. ರೆಂಡರ್ ನಡೆಯುವಾಗ ಓಡಿಸಿದರೆ ಪ್ರೊಸೆಸರ್ ಫ್ಯಾನೇ ನಿಲ್ಲುತ್ತದೆ.


ಹೆಬ್ಬಾಳದ ಬಿಇ, ಮೈಸೂರು:

ಇದೇ ಥ್ರೆಡ್‌ನಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ಗಿಗಾಬೈಟ್ ಬೋರ್ಡ್, ಐಟಿಇ ಐಟಿ8688ಇ ಚಿಪ್. ಕರ್ನಲ್‌ನ ಐಟಿ87 ಡ್ರೈವರ್ ಲೋಡ್ ಮಾಡಿದರೆ ನೋ ಸಚ್ ಡಿವೈಸ್ ಅನ್ನುತ್ತದೆ. ಫೋರ್ಸ್_ಐಡಿ ಅಂತ 8628 ಕೊಟ್ಟರೆ ಬರುತ್ತದೆ ಅಂತ ಒಬ್ಬರು ಹೇಳಿದರು. ಕೊಡಬಹುದಾ?


ಗಂಗೋತ್ರಿ ಹಳಬ, ಮೈಸೂರು:

ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಫೋರ್ಸ್_ಐಡಿ ಅಂದರೆ ಡ್ರೈವರ್‌ಗೆ ಸುಳ್ಳು ಹೇಳುವುದು. ಚಿಪ್ ಬೇರೆ ಇದ್ದರೂ ಇದು 8628 ಅಂದುಕೊಂಡು ಅದು ಕೆಲಸ ಮಾಡುತ್ತದೆ. ಬಹಳಷ್ಟು ರಿಜಿಸ್ಟರ್ ಒಂದೇ ಇರುವುದರಿಂದ ಅಂಕಿಗಳು ಸರಿಯಾಗಿಯೇ ಕಾಣಬಹುದು. ಫ್ಯಾನ್ ಕಂಟ್ರೋಲ್‌ಗೆ ಬರೆಯಲು ಹೋದಾಗ ವ್ಯತ್ಯಾಸ ಇರುವ ಒಂದು ರಿಜಿಸ್ಟರ್ ಸಿಕ್ಕರೆ ಸಾಕು.

ನಿಮಗೆ ಗಿಗಾಬೈಟ್_ಡಬ್ಲ್ಯುಎಂಐ ಅನ್ನುವ ಡ್ರೈವರ್ ಇದೆ. ಕರ್ನಲ್ 5.13ರಿಂದ ಬಂದಿದೆ. ಸೆಕ್ಯೂರ್ ಬೂಟ್‌ಗೂ ತೊಂದರೆ ಇಲ್ಲ. ಆದರೆ ಅದು ಬಿಸಿ ಮಾತ್ರ ಹೇಳುತ್ತದೆ. ಫ್ಯಾನ್, ವೋಲ್ಟೇಜ್ ಇಲ್ಲ. ಟೆಂಪ್1, ಟೆಂಪ್2 ಅಂತ ಬರುತ್ತವೆ, ಯಾವುದು ಯಾವ ಜಾಗದ್ದು ಅಂತ ನೀವೇ ಪತ್ತೆ ಮಾಡಬೇಕು. ಫ್ಯಾನ್ ಬೇಕೇ ಬೇಕು ಅಂದರೆ ಕರ್ನಲ್ ಹೊರಗೆ ಬೆಳೆಯುತ್ತಿರುವ ಐಟಿ87ರ ಕವಲು ಇದೆ. ಅದನ್ನು ಡಿಕೆಎಂಎಸ್‌ನಲ್ಲಿ (ಹೊರಗಿನ ಡ್ರೈವರನ್ನು ಪ್ರತಿ ಕರ್ನಲ್‌ಗೂ ಕಟ್ಟುವ ಸಾಧನ) ಕಟ್ಟಿಕೊಳ್ಳಬೇಕು. ಅದಕ್ಕೆ ನಿಮ್ಮ ವಿತರಣೆಯ ಸಹಿ ಇರುವುದಿಲ್ಲವಾದ್ದರಿಂದ ಸೆಕ್ಯೂರ್ ಬೂಟ್ ಇದ್ದರೆ ಎಂಒಕೆ ಅನ್ನುವ ನಿಮ್ಮದೇ ಸಹಿಯ ಕೀ ಮಾಡಿ, ಬೂಟ್ ವೇಳೆ ನೀಲಿ ಪರದೆಯಲ್ಲಿ ಎನ್‌ರೋಲ್ ಮಾಡಬೇಕು.

ಎಸಿಪಿಐ ಜಗಳ ನಿಮ್ಮಲ್ಲೂ ಬರಬಹುದು. ಆಗ ಇಡೀ ಮಿಷನ್‌ಗೆ ಲ್ಯಾಕ್ಸ್ ಬೇಡ. ಐಟಿ87ಗೆ ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್=1 ಅನ್ನುವ ಆಪ್ಷನ್ ಇದೆ, ಅದು ಆ ಒಂದು ಡ್ರೈವರ್‌ಗೆ ಮಾತ್ರ.


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ಅಂದರೆ ಸಣ್ಣ ಲ್ಯಾಕ್ಸ್ ಆಗಬಹುದು, ದೊಡ್ಡ ಲ್ಯಾಕ್ಸ್ ಆಗಬಾರದು ಅಂತ.


ಗಂಗೋತ್ರಿ ಹಳಬ, ಮೈಸೂರು:

ಹೂಂ, ಹಾಗೇ ಇಟ್ಟುಕೊಳ್ಳಿ.


ಸಕ್ಕರೆನಾಡಿನವ, ಮಂಡ್ಯ:

ಬಯಾಸ್ ಜೊತೆ ಹೋಲಿಸಿದೆ, 12 ಮತ್ತು 5 ವೋಲ್ಟ್ ಎರಡೂ ಹೊಂದುತ್ತವೆ. ಹಿಂದಿನ ಫ್ಯಾನ್ ಮೋಲೆಕ್ಸ್‌ನಲ್ಲೇ ಇದೆ, ತಿರುಗುತ್ತಿದೆ. ಹೆಸರು ಹಾಕಿ, ಕಸ ಎಲ್ಲಾ ಇಗ್ನೋರ್ ಮಾಡಿದ ಮೇಲೆ ಪಟ್ಟಿ ಚಿಕ್ಕದಾಗಿ ಚೆನ್ನಾಗಿದೆ.

ರೆಂಡರ್ ಹಾಕಿದರೆ ಟಿಸಿಟಿಎಲ್ 80ರ ಆಸುಪಾಸು ಹೋಗುತ್ತದೆ. ಆಫ್ ಆಗುವ ಕ್ಷಣದಲ್ಲಿ ಎಷ್ಟಿರುತ್ತದೆ ಅಂತ ತಿಳಿಯುವುದು ಹೇಗೆ? ಇಡೀ ದಿನ ನೋಡುತ್ತಾ ಕೂರಲು ಆಗುವುದಿಲ್ಲ.


ಪೆಂಗ್ವಿನ್ ಅಕ್ಕ, ಮೈಸೂರು:

ಎರಡು ಸೆಕೆಂಡಿಗೊಮ್ಮೆ ಡೇಟ್ ಮತ್ತು ಸೆನ್ಸರ್ಸ್ ಎರಡನ್ನೂ ಒಂದು ಫೈಲ್‌ನ ಕೊನೆಗೆ ಸೇರಿಸುವ ವೈಲ್ ಲೂಪ್ ಬರೆಯಿರಿ. ಪ್ರತಿ ಸಲವೂ ಕೊನೆಗೆ ಸಿಂಕ್ ಕೊಡಿ. ಅದಿಲ್ಲದಿದ್ದರೆ ಕರೆಂಟ್ ಹೋದಾಗ ಕೊನೆಯ ಸಾಲುಗಳು ಡಿಸ್ಕ್‌ಗೆ ಹೋಗಿರುವುದಿಲ್ಲ. ನಿಮಗೆ ಬೇಕಾದದ್ದು ಆ ಕೊನೆಯ ಸಾಲುಗಳೇ.

ಆಫ್ ಆದ ಮೇಲೆ ಮತ್ತೆ ಆನ್ ಮಾಡಿ ಜರ್ನಲ್‌ಸಿಟಿಎಲ್ -ಬಿ -1 ಕೊಡಿ. ಲಿನಕ್ಸೇ ಹೀಟ್ ನೋಡಿ ಆಫ್ ಮಾಡಿದ್ದರೆ ಕ್ರಿಟಿಕಲ್ ಟೆಂಪರೇಚರ್ ಅಂತ ಬರೆದು ಹೋಗಿರುತ್ತದೆ. ಪ್ರೊಸೆಸರ್ ತಾನೇ ಹಾರ್ಡ್‌ವೇರ್‌ನಲ್ಲಿ ಕಟ್ ಮಾಡಿಕೊಂಡಿದ್ದರೆ ಏನೂ ಬರೆದಿರುವುದಿಲ್ಲ. ಆದರೆ ಆಗ ನಿಮ್ಮ ಫೈಲ್‌ನಲ್ಲಿ ಟಿಸಿಟಿಎಲ್ ಏರುತ್ತಾ ಹೋಗಿದ್ದು ಕಾಣಬೇಕು.


ಸಕ್ಕರೆನಾಡಿನವ, ಮಂಡ್ಯ:

ಇವತ್ತು ಮಧ್ಯಾಹ್ನ ಸಿಕ್ಕಿಬಿತ್ತು. ಫೈಲ್‌ನ ಕೊನೆಯ ಸಾಲು: ಟಿಸಿಟಿಎಲ್ 81, ಪ್ರೊಸೆಸರ್ ಫ್ಯಾನ್ 1720, 12 ವೋಲ್ಟ್ ಲೈನ್ 12.10, 5 ವೋಲ್ಟ್ 5.00. ಹಿಂದಿನ ಸಾಲುಗಳೂ ಹಾಗೇ ಇವೆ. ಏರಿಕೆ ಇಲ್ಲ, ಇಳಿಕೆ ಇಲ್ಲ. ಜರ್ನಲ್ ನಡುವೆಯೇ ಕತ್ತರಿಸಿದ ಹಾಗೆ ನಿಂತಿದೆ.


ಗಂಗೋತ್ರಿ ಹಳಬ, ಮೈಸೂರು:

ಹಾಗಾದರೆ ಹೀಟ್ ಅಲ್ಲ. 81ರಲ್ಲಿ 5600ಎಕ್ಸ್ ಆಫ್ ಆಗುವುದಿಲ್ಲ. ಎರಡು ಸೆಕೆಂಡಿಗೊಮ್ಮೆ ಓದಿದರೆ ಮಿಲಿಸೆಕೆಂಡಿನ ಕುಸಿತ ಸಿಗದು, ಹಾಗಾಗಿ ಎಸ್‌ಎಂಪಿಎಸ್ ನಿರಪರಾಧಿ ಅಂತ ಇನ್ನೂ ಹೇಳಲಾರೆ. ಆದರೆ ಬೋರ್ಡ್ ಬಿಟ್ಟು ಹೊರಗೆ ನೋಡುವ ಸಮಯ. ಮಿಷನ್ ಯುಪಿಎಸ್‌ನಲ್ಲಿದೆಯಾ? ಅದೇ ಯುಪಿಎಸ್‌ನಲ್ಲಿ ಬೇರೆ ಏನೇನಿದೆ? ಆಫ್ ಆದಾಗ ಮಾನಿಟರ್ ಕೂಡ ಆಫ್ ಆಯಿತಾ?


ಸಕ್ಕರೆನಾಡಿನವ, ಮಂಡ್ಯ:

ಮಾನಿಟರ್ ಲೈಟ್ ಕೂಡ ಹೋಗಿತ್ತು ಸರ್, ನೀವು ಕೇಳಿದ ಮೇಲೆ ಹೊಳೆಯಿತು. ಯುಪಿಎಸ್ 600 ವಿಎ. ಪಿಸಿ, ಮಾನಿಟರ್ ಜೊತೆಗೆ ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ಹೋಗಿದೆ. ಹಿಡಿದು ನೋಡಿದರೆ ಅದರಲ್ಲಿ ಲೇಸರ್ ಪ್ರಿಂಟರ್! ಅಂಗಡಿ ಹುಡುಗ ಮಧ್ಯಾಹ್ನ ಜೆರಾಕ್ಸ್, ಬಿಲ್ ಅಂತ ಪ್ರಿಂಟ್ ಕೊಡುತ್ತಾನೆ. ಕರೆಂಟ್ ಹೋಗಿರುವಾಗ ರೆಂಡರ್ ನಡೆಯುತ್ತಿದ್ದು, ಅದೇ ಹೊತ್ತಿಗೆ ಪ್ರಿಂಟರ್ ಎದ್ದರೆ ಯುಪಿಎಸ್ ಕೀಂ ಅಂದು ಮಲಗುತ್ತದೆ. ಈಗ ಬೇಕೆಂದೇ ಮಾಡಿ ನೋಡಿದೆ, ಹಾಗೇ ಆಯಿತು.


ಲಷ್ಕರ್ ಮೊಹಲ್ಲಾ ರಿಪೇರಿ, ಮೈಸೂರು:

ಲೇಸರ್ ಪ್ರಿಂಟರ್ ಯುಪಿಎಸ್‌ಗೆ ಹಾಕಲೇಬಾರದು ಅಣ್ಣ. ಒಳಗೆ ಪೇಪರ್ ಕಾಯಿಸುವ ಹೀಟರ್ ಇದೆ, ಎದ್ದೇಳುವಾಗ ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಡಬ್ಬ ಕೊಡುವುದೇ ಸುಮಾರು 360 ವ್ಯಾಟ್. ಪ್ರಿಂಟರನ್ನು ಗೋಡೆ ಪ್ಲಗ್‌ಗೆ ಹಾಕಿ. ಆ ಹಿಂದಿನ ಫ್ಯಾನ್ ಮಾತ್ರ ಬೋರ್ಡ್‌ನ ಹೆಡರ್‌ಗೆ ಬದಲಿಸಿಕೊಳ್ಳಿ, ಮೂರು ಪಿನ್‌ದು ಒಂದು ತಂದರೆ ಸಾಕು.


ಸಕ್ಕರೆನಾಡಿನವ, ಮಂಡ್ಯ:

ಪ್ರಿಂಟರ್ ಗೋಡೆಗೆ ಹೋಯಿತು. ಫ್ಯಾನ್ ನಾಳೆ ತರುತ್ತೇನೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ. ಪ್ಯಾನೆಲ್‌ನಲ್ಲಿ ಟೆಂಪರೇಚರ್ ತೋರಿಸಲು /ಸಿಸ್/ಕ್ಲಾಸ್/ಎಚ್‌ಡಬ್ಲ್ಯುಮಾನ್ ಒಳಗಿನ ಎಚ್‌ಡಬ್ಲ್ಯುಮಾನ್3ರಿಂದ ಓದುವ ಸ್ಕ್ರಿಪ್ಟ್ ಬರೆದಿದ್ದೆ. ರೀಬೂಟ್ ಆದ ಮೇಲೆ ಅದು ಡಿಸ್ಕ್‌ನ ಬಿಸಿ ತೋರಿಸುತ್ತಿದೆ. ಎನ್‌ಸಿಟಿ6775 ಕೂಡ ತಾನಾಗಿ ಲೋಡ್ ಆಗಿರಲಿಲ್ಲ.


ಪೆಂಗ್ವಿನ್ ಅಕ್ಕ, ಮೈಸೂರು:

ತಾನಾಗಿ ಲೋಡ್ ಆಗಲು /ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ ಒಳಗೆ .ಕಾನ್ಫ್ ಅಂತ ಮುಗಿಯುವ ಫೈಲ್ ಮಾಡಿ, ಒಂದೇ ಸಾಲು, ಡ್ರೈವರ್ ಹೆಸರು.

ಎಚ್‌ಡಬ್ಲ್ಯುಮಾನ್ ನಂಬರ್ ಯಾವತ್ತೂ ನಂಬಬೇಡಿ. ಯಾವ ಡ್ರೈವರ್ ಮೊದಲು ಎದ್ದಿತೋ ಅದಕ್ಕೆ ಮೊದಲ ನಂಬರ್. ಪ್ರತಿ ಫೋಲ್ಡರ್ ಒಳಗೂ ನೇಮ್ ಅಂತ ಫೈಲ್ ಇದೆ. ಸ್ಕ್ರಿಪ್ಟ್‌ನಲ್ಲಿ ಎಲ್ಲಾ ಫೋಲ್ಡರ್ ಸುತ್ತಿ, ನೇಮ್ ಒಳಗೆ ಕೆ10ಟೆಂಪ್ ಅಂತ ಇರುವುದನ್ನು ಹಿಡಿದು, ಅದರ ಟೆಂಪ್1_ಇನ್‌ಪುಟ್ ಓದಿ. ಬರುವುದು ಮಿಲಿಡಿಗ್ರಿ, ಸಾವಿರದಿಂದ ಭಾಗಿಸಿ. ಬೋರ್ಡ್‌ದು ಬೇಕಾದರೆ ನೇಮ್‌ನಲ್ಲಿ ಎನ್‌ಸಿಟಿ6798 ಅಂತ ಹುಡುಕಿ. ಅಲ್ಲಿ 6775 ಅಂತ ಹುಡುಕಿದರೆ ಸಿಗುವುದಿಲ್ಲ. 6775 ಡ್ರೈವರ್‌ನ ಹೆಸರು, ನೇಮ್ ಫೈಲ್‌ನಲ್ಲಿ ಇರುವುದು ಚಿಪ್‌ನ ಹೆಸರು.